ಮಾತ್ರೆ ನಿಂತ ದಿನ ಬರೆದದ್ದು

ಇವತ್ತು ಹಾಸನದ ವೈದ್ಯರು ನನ್ನ ಯಜಮಾನರ ಕಾರ್ಬಿಮಜೋಲ್ ಮಾತ್ರೆಯನ್ನು, ಅಂದರೆ ಥೈರಾಯ್ಡ್ ಅತಿಯಾಗಿ ದುಡಿಯುವುದನ್ನು ತಗ್ಗಿಸುವ ಮಾತ್ರೆಯನ್ನು, ನಿಲ್ಲಿಸಿದರು. 18 ತಿಂಗಳು ಒಂದು ದಿನವೂ ತಪ್ಪಿಸದೆ ನುಂಗಿದ ಮಾತ್ರೆ. ಬಸ್ಸು ಅರಸೀಕೆರೆ ದಾಟುವವರೆಗೂ ಇಬ್ಬರೂ ಸುಮ್ಮನಿದ್ದೆವು. ಆಮೇಲೆ ಅವರು, "ಯಾರ್ಯಾರಿಗೆ ಹೇಳಬೇಕೋ ನೀನೇ ಬರೆದು ಹೇಳಿಬಿಡು, ನನಗೆ ಬಾಯಿ ಬರುವುದಿಲ್ಲ" ಎಂದರು.

ಅವರು ತಿಪಟೂರಿನಲ್ಲಿ ಬ್ಲೌಸ್ ಹೊಲಿಯುವ ಟೈಲರ್. ನಾನು ಶಾಲೆಯಲ್ಲಿ ಪಾಠ ಹೇಳುವವಳು. 11 ವರ್ಷಗಳ ಸಂಸಾರದಲ್ಲಿ ಏರಿದ ದನಿ ಕೇಳದ ಮನೆ ನಮ್ಮದು. ಅಂಥವರು ಮಗಳ ಪೆನ್ಸಿಲ್ ಬಿದ್ದ ಸದ್ದಿಗೂ ಗದರತೊಡಗಿದರು, ಊಟದ ತಟ್ಟೆ ತಳ್ಳಿ ಏಳತೊಡಗಿದರು. ಚಳಿಗಾಲದಲ್ಲೂ ಫ್ಯಾನ್ ಬೇಕು. ರಾತ್ರಿ ಎರಡು ಗಂಟೆಗೆ ಅಂಗಳದಲ್ಲಿ ಓಡಾಟ. ಮೊದಲಿಗಿಂತ ಹೆಚ್ಚು ಉಂಡರೂ ಮೈ ಇಳಿಯುತ್ತಲೇ ಹೋಯಿತು; ತಮ್ಮ ಪ್ಯಾಂಟಿನ ಸೊಂಟವನ್ನು 34 ಇಂಚಿನಿಂದ 30ಕ್ಕೆ ತಾವೇ ಹಿಡಿದು ಹೊಲಿದುಕೊಂಡರು. ಕೈ ನಡುಗಿ ಸೂಜಿಗೆ ದಾರ ಪೋಣಿಸಲಾಗದ ದಿನ ಬಂದಾಗ ಬೀದಿಯವರು ಕುಡಿತ ಎಂದರು. ಅವರು ಕುಡಿಯುವವರಲ್ಲ ಎಂದು ಬಲ್ಲ ನಾನೇ ಒಂದು ರಾತ್ರಿ ಅವರ ಬಾಯಿಯ ಬಳಿ ಬಗ್ಗಿ ವಾಸನೆ ನೋಡಿದೆ. ಆಗ ಅವರಿಗೆ ಎಚ್ಚರವಿತ್ತು ಎಂದು ತಿಳಿದದ್ದು ಎಷ್ಟೋ ತಿಂಗಳ ಮೇಲೆ.

ತೋರಿಸಿದ ಕಡೆ ಟೆನ್ಷನ್ ಎಂದು ನಿದ್ದೆ ಮಾತ್ರೆ ಕೊಟ್ಟು ಕಳಿಸಿದರು. ನಾನು ಮಗಳನ್ನು ಕರೆದುಕೊಂಡು ತವರಿಗೆ ಹೋದೆ.

ನರ್ಸಮ್ಮ, ನಿಮ್ಮ ಹೆಸರು ಬರೆಯಬೇಡವೆಂದಿದ್ದೀರಿ, ಬರೆಯುವುದಿಲ್ಲ. ಬ್ಲೌಸ್ ಹೊಲಿಯಲು ಕೊಡಲು ಬಂದ ನೀವು, ಟೇಪು ಹಿಡಿದ ಕೈ ನಡುಗುವುದನ್ನು ಕಂಡು, "ಎಲ್ಲಿ, ಕೈ ಕೊಡಪ್ಪ" ಎಂದು ನಾಡಿ ಹಿಡಿದಿರಿ. ಕುಳಿತಲ್ಲೇ ನಿಮಿಷಕ್ಕೆ 118. ಎರಡೂ ಕೈ ಮುಂದೆ ಚಾಚಿಸಿ ಬೆರಳುಗಳ ಮೇಲೆ ಒಂದು ಕಾಗದ ಇಟ್ಟಿರಿ. ಅದು ಅದುರುತ್ತಲೇ ಇತ್ತಂತೆ. "ಇದು ಥೈರಾಯ್ಡ್ ಇದ್ದ ಹಾಗಿದೆ, ನಾಳೆಯೇ ರಕ್ತ ಕೊಡು" ಎಂದವರು ನೀವು. ನನಗೆ ಫೋನ್ ಮಾಡಿ, "ವರದಿ ಬರುವ ತನಕ ಯಾವ ತೀರ್ಮಾನವನ್ನೂ ಮಾಡಬೇಡ ಮಗಳೇ" ಎಂದವರೂ ನೀವೇ. ಆ ಮಾತಿಗೆ ನಾನು ನಿಂತೆ.

ವರದಿಯಲ್ಲಿ ಥೈರಾಯ್ಡ್ ಗ್ರಂಥಿಗೆ ದುಡಿ ಎಂದು ಹೇಳುವ ಟಿಎಸ್‌ಎಚ್ ಇಲ್ಲವೆನ್ನುವಷ್ಟು ಕಡಿಮೆ, ಆ ಗ್ರಂಥಿಯೇ ಸುರಿಸುವ ಹಾರ್ಮೋನುಗಳಾದ ಟಿ3 ಮತ್ತು ಟಿ4 ಎರಡೂ ಏರಿದ್ದವು. ಗ್ರೇವ್ಸ್ ಕಾಯಿಲೆ. ದೇಹದ ರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿ ಗ್ರಂಥಿಯನ್ನು ಬಿಡುವಿಲ್ಲದೆ ದುಡಿಸುತ್ತದಂತೆ. ನಮ್ಮ ಕಡೆ ಥೈರಾಯ್ಡ್ ಎಂದರೆ ಹೆಂಗಸರು ದಪ್ಪಗಾಗುವ ಕಾಯಿಲೆ ಎಂದಷ್ಟೇ ಗೊತ್ತು. ಗಂಡಸೊಬ್ಬ ಸೊರಗಿ ಸಿಡುಕುವುದಕ್ಕೂ ಅದೇ ಗ್ರಂಥಿ ಕಾರಣವಾಗಬಹುದು ಎಂದು ಯಾರಾದರೂ ಮೊದಲೇ ಹೇಳಿದ್ದರೆ!

ಹಾಸನದ ವೈದ್ಯರಿಗೆ ನನ್ನ ನಮಸ್ಕಾರ. ಮಾತ್ರೆ ಹೊಸ ಹಾರ್ಮೋನು ಹುಟ್ಟುವುದನ್ನು ಮಾತ್ರ ತಡೆಯುತ್ತದೆ, ಒಳಗೆ ಕೂಡಿಟ್ಟದ್ದು ಖರ್ಚಾಗಲು ವಾರಗಟ್ಟಲೆ ಬೇಕು ಎಂದು ನನ್ನನ್ನೂ ಕೂರಿಸಿಕೊಂಡು ಬಿಡಿಸಿ ಹೇಳಿದಿರಿ. "ಆರು ವಾರ ತಡೆಯಮ್ಮ" ಎಂದಿರಿ. ಕ್ಯಾಲೆಂಡರಿನಲ್ಲಿ ದಿನ ಹೊಡೆಯುತ್ತಾ ತಡೆದೆ. ನಡುಕ ಬೇಗ ತಗ್ಗಿತು, ಸಿಡುಕು ನಿಧಾನವಾಗಿ.

ಗಂಟಲು ನೋವು, ಜ್ವರ ಬಂದರೆ ಮಾತ್ರೆ ನಿಲ್ಲಿಸಿ ತಕ್ಷಣ ಬಿಳಿ ರಕ್ತಕಣ ಪರೀಕ್ಷಿಸಿ, ಈ ಮಾತ್ರೆಯಿಂದ ಅಪರೂಪಕ್ಕೆ ಅವು ಕುಸಿಯಬಹುದು ಎಂದೂ ಎಚ್ಚರಿಸಿದ್ದರು. ಎರಡನೆಯ ತಿಂಗಳು ಹಾಗೇ ಆಯಿತು. ಬೆಳಗಿನ ಐದೂವರೆಗೆ ನಮಗಾಗಿ ಲ್ಯಾಬಿನ ಬಾಗಿಲು ತೆರೆದ ತಮ್ಮ, ಕಣಗಳು ಸರಿಯಾಗಿವೆ ಎಂದು ನೀನು ಹೇಳಿದ ಮುಖ ಇನ್ನೂ ಕಣ್ಣ ಮುಂದಿದೆ. ಹೊಗೆ ಈ ಕಾಯಿಲೆಯಲ್ಲಿ ಕಣ್ಣಿಗೆ ಕೇಡು ಎಂದು ತಿಳಿದ ದಿನದಿಂದ ಅವರಿಗೆ ಬೀಡಿ ಕೊಡದ ಟೀ ಅಂಗಡಿಯ ಅಣ್ಣನಿಗೂ ಕೈಮುಗಿಯುತ್ತೇನೆ.

ಅತ್ತೆಯವರ ಬಗ್ಗೆ ಏನು ಬರೆದರೂ ಕಡಿಮೆ. "ನನ್ನ ಮಗನಿಗೆ ಕಾಯಿಲೆ ನಿಜ, ನೀನು ಅತ್ತದ್ದೂ ನಿಜ" ಎಂದರು. ಮಗನ ಪರ ವಹಿಸಿ ನನ್ನ ಬಾಯಿ ಮುಚ್ಚಿಸಲಿಲ್ಲ.

ಉಳಿದವರು ಬಾಯಿ ಮುಚ್ಚಿಸಿದ್ದೇ ನನ್ನ ಸಂಕಟವಾಗಿತ್ತು. ವರದಿ ಬಂದ ಮೇಲೆ ಅವರೆಲ್ಲ, "ಅದು ಕಾಯಿಲೆ, ಮರೆತುಬಿಡು" ಎಂದರು. ಯಜಮಾನರು ಸಿಡುಕಿ ಆಡಿದ ಮಾತುಗಳು ಬಿದ್ದದ್ದು ನನ್ನ ಕಿವಿಗೆ. ಎಲ್ಲವನ್ನೂ ಗ್ರಂಥಿಯ ಲೆಕ್ಕಕ್ಕೆ ಬರೆದು ಕೈತೊಳೆದುಕೊಳ್ಳಲು ನನ್ನಿಂದಾಗಲಿಲ್ಲ. ಒಂದು ಸಂಜೆ ಅವರೇ ಹೊಲಿಗೆ ಯಂತ್ರ ನಿಲ್ಲಿಸಿ, "ಕೋಪ ಏರಿಸಿದ್ದು ಕಾಯಿಲೆ ಇರಬಹುದು. ಆಡಿದ ಮಾತು ನನ್ನದು. ತಪ್ಪಾಯಿತು" ಎಂದರು. ನಾನೂ ಆ ರಾತ್ರಿ ವಾಸನೆ ನೋಡಿದ್ದಕ್ಕೆ ಕ್ಷಮೆ ಕೇಳಿದೆ. ರೀ, ಅಷ್ಟು ಹೇಳಿದ್ದಕ್ಕೆ ನಿಮಗೂ ನನ್ನ ಕೃತಜ್ಞತೆ.

ಕಾಯಿಲೆ ಮರಳಬಹುದು ಎಂದು ವೈದ್ಯರು ಮುಚ್ಚಿಡದೆ ಹೇಳಿದ್ದಾರೆ. ಮುಂದಿನ ರಕ್ತಪರೀಕ್ಷೆಯ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೇನೆ.

ನರ್ಸಮ್ಮ, ಅವತ್ತು ನೀವು ಬಿಟ್ಟುಹೋದ ಮೂರು ಬ್ಲೌಸಿನ ಬಟ್ಟೆ ತಿಂಗಳುಗಟ್ಟಲೆ ಬೀರುವಿನಲ್ಲಿತ್ತು. ನೀವು ಒಮ್ಮೆಯೂ ಕೇಳಲಿಲ್ಲ. ಕತ್ತರಿ ಮತ್ತೆ ಕೈಗೆ ನಿಂತ ಮೇಲೆ ಅವರು ಮೊದಲು ಕತ್ತರಿಸಿದ್ದು ಅದನ್ನೇ. ನೀವು ಮಗನ ಮನೆಗೆ ಹೋಗಿದ್ದರಿಂದ ಕೊಡುವುದು ಉಳಿದಿದೆ. ಭಾನುವಾರ ನಾವೇ ತಂದುಕೊಡುತ್ತೇವೆ. ಕೂಲಿ ಕೊಡಲು ಬರಬೇಡಿ, ಅವರು ತೆಗೆದುಕೊಳ್ಳುವುದಿಲ್ಲವಂತೆ.