ಗಂಟೆ ತಪ್ಪಿದ ಆದಿತ್ಯವಾರ, ಮತ್ತು ನಮ್ಮ ಧನ್ಯವಾದ

ಪ್ರೀತಿಯ ಸಭೆಯವರಿಗೆ, ನೆರೆಕರೆಯವರಿಗೆ, ದೂರದ ಊರುಗಳಲ್ಲಿ ಫೋನ್ ಹಿಡಿದು ಕಾದ ಬಂಧುಗಳಿಗೆ,

ಆಸ್ಪತ್ರೆಯಿಂದ ಮನೆಗೆ ಬಂದ ಇವರು, ನನ್ನ ಗಂಡ, ಕಳೆದ ಆದಿತ್ಯವಾರ ಆರಾಧನೆಗೆ ಬಂದದ್ದನ್ನು ನೀವೆಲ್ಲ ನೋಡಿದ್ದೀರಿ. ಮುಗಿದ ಮೇಲೆ ಬಾಗಿಲ ಹತ್ತಿರ ನಿಂತು ಒಬ್ಬೊಬ್ಬರಿಗೂ ಧನ್ಯವಾದ ಹೇಳಬೇಕೆಂದು ಎಣಿಸಿದ್ದೆ. ಗಂಟಲು ಕಟ್ಟಿತು. ಹೇಳಬೇಕಾದದ್ದನ್ನು ಬರೆದೇ ಹೇಳುವ ಎಂದು ಕುಳಿತಿದ್ದೇನೆ. ಏನಾಯಿತು, ಯಾವ ಡಾಕ್ಟರು ಏನು ಹೇಳಿದರು, ಎಷ್ಟು ಖರ್ಚಾಯಿತು ಎಂಬುದೆಲ್ಲ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ನಮ್ಮ ಕಂಪೌಂಡಿನಲ್ಲಿ ಸುದ್ದಿ ಹೋಗುವ ವೇಗ ನನಗೂ ಗೊತ್ತು. ಅದನ್ನು ಬಿಟ್ಟುಬಿಡುವ.

ರಕ್ತ ಕೊಟ್ಟ ಯುವಜನ ಕೂಟದ ಹುಡುಗರಿಗೆ, ಸರದಿ ಹಾಕಿ ಗಂಜಿ, ಮೀನು ಸಾರು ಕಳಿಸಿದ ಸ್ತ್ರೀಯರ ಕೂಟಕ್ಕೆ, ಸಭಾಪಾಲಕರಿಗೆ, ಹಿರಿಯರಿಗೆ, ಬಣ್ಣದ ಪೆನ್ಸಿಲಿನಲ್ಲಿ ಕಾರ್ಡ್ ಮಾಡಿದ ಸಂಡೇ ಸ್ಕೂಲ್ ಮಕ್ಕಳಿಗೆ (ಒಂದು ಕಾರ್ಡಿನಲ್ಲಿ ಇವರಿಗೆ ರೆಕ್ಕೆ ಬರೆದಿದ್ದಾರೆ, ಸ್ವಲ್ಪ ಬೇಗವಾಯಿತು ಮಕ್ಕಳೇ), ವ್ಹೀಲ್ ಚೇರ್ ಕೊಟ್ಟ ಪಕ್ಕದ ಕಥೊಲಿಕ್ ಚರ್ಚಿನ ವಾರ್ಡಿನ ಮುಖ್ಯಸ್ಥರಾದ ಗುರ್ಕಾರರಿಗೆ, ನಮ್ಮ ದನಕ್ಕೆ ಹುಲ್ಲು ಹಾಕಿ ಹಾಲು ಕರೆದ ಆಚೆಮನೆ ಅಕ್ಕನಿಗೆ, ಎಲ್ಲರಿಗೂ ನಾವಿಬ್ಬರೂ ಋಣಿ. ಒಂದೇ ವಾಕ್ಯದಲ್ಲಿ ಮುಗಿಸಿದೆ ಎಂದು ಬೇಜಾರು ಮಾಡಬೇಡಿ. ಯಾಕೆಂದರೆ ನಾನು ಒಬ್ಬರ ಬಗ್ಗೆ ಉದ್ದಕ್ಕೆ ಬರೆಯಲೇಬೇಕು.

ಗಂಟೆಯ ಅಂಕಲ್ ಬಗ್ಗೆ. ತಮ್ಮ ಹೆಸರು ಹಾಕಬಾರದೆಂದು ಕಡಾಖಂಡಿತವಾಗಿ ಹೇಳಿದ್ದಾರೆ. ಹಾಕಿದರೆ ಬೋರ್ಡಿನಲ್ಲಿ ಹಾಡಿನ ನಂಬರ್ ತಪ್ಪು ಹಾಕಿ ನನ್ನ ಮರ್ಯಾದೆ ತೆಗೆಯುತ್ತಾರಂತೆ. ನಮ್ಮ ಸಭೆಯವರಿಗೆ ಹೆಸರಿನ ಅಗತ್ಯವೂ ಇಲ್ಲ. ಚರ್ಚಿನ ಬೀಗ ತೆಗೆಯುವವರು, ಬೆಂಚು ಒರೆಸುವವರು, ಮೊದಲ ಗಂಟೆ ಎರಡನೇ ಗಂಟೆ ಹೊಡೆಯುವವರು, ಆರಾಧನೆಯಲ್ಲಿ ಕೊನೆಯ ಬೆಂಚಿನ ಮೂಲೆಯಲ್ಲಿ ಕುಳಿತು ಪ್ರಸಂಗ ಉದ್ದವಾದರೆ ಕೀ ಗೊಂಚಲು ಅಲ್ಲಾಡಿಸುವವರು ಒಬ್ಬರೇ.

ಆ ಶನಿವಾರ ಆಟಿ ತಿಂಗಳ ಮಳೆ. ಮಗಳು ಬೆಂಗಳೂರಿನಿಂದ ಹೊರಟಿದ್ದಳು, ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದು ಬಸ್ಸು ನಿಂತಲ್ಲೇ ನಿಂತಿತ್ತು. ಸಭಾಪಾಲಕರು ಸಂಜೆ ಬಂದು ಪ್ರಾರ್ಥಿಸಿ ಹೋಗಿದ್ದರು, ಮರುದಿನ ಅವರಿಗೆ ಪ್ರಸಂಗವಿತ್ತು. ಬಂದವರೆಲ್ಲ ಒಂದೊಂದು ಒಳ್ಳೆಯ ಮಾತು ಹೇಳಿ, ಗಂಟೆ ಒಂಬತ್ತಾಗುತ್ತಲೇ ಹೊರಟರು. ಹೊರಡಬೇಕಾದದ್ದೇ. ಆಸ್ಪತ್ರೆಯ ಆ ಉದ್ದದ ವರಾಂಡದಲ್ಲಿ ನಾನೊಬ್ಬಳೇ ಉಳಿದೆ ಎನ್ನುವಾಗ ಮೆಟ್ಟಿಲಲ್ಲಿ ಕೊಡೆ ಕೊಡವುವ ಶಬ್ದ ಕೇಳಿಸಿತು.

ವಾಚ್‌ಮ್ಯಾನ್ ತಡೆದ. ರೋಗಿಯ ಜೊತೆ ಒಬ್ಬರಿಗೆ ಮಾತ್ರ ಅವಕಾಶ ಎಂದ.

"ನಾನು ಅಪ್ಪ," ಎಂದರು ಅಂಕಲ್.

"ಯಾರ ಅಪ್ಪ? ಅವರದ್ದಾ, ಇವರದ್ದಾ?"

"ಇಬ್ಬರದ್ದೂ."

ಆ ಮನುಷ್ಯ ಎಂತ ಎಣಿಸಿದನೋ, ಬಿಟ್ಟ. ಜೀವಮಾನವಿಡೀ ಚರ್ಚಿನ ಬಾಗಿಲು ಕಾದವರು ಅಷ್ಟು ಸಲೀಸಾಗಿ ಸುಳ್ಳು ಹೇಳಿದ್ದನ್ನು ನಾನು ಸಭಾಪಾಲಕರಿಗೆ ಇವತ್ತಿನವರೆಗೆ ಹೇಳಿರಲಿಲ್ಲ. ಈಗ ಗೊತ್ತಾಯಿತಲ್ಲ ಸರ್, ಕ್ಷಮಿಸಿಬಿಡಿ.

ಅವರ ಬಟ್ಟೆಯ ಚೀಲದಲ್ಲಿ ಒಂದು ಫ್ಲಾಸ್ಕ್ ಬೆಲ್ಲದ ಕಾಫಿ, ಒಂದು ಪ್ಯಾಕೆಟ್ ಮಾರಿ ಬಿಸ್ಕೆಟ್, ನನ್ನ ಫೋನಿಗೆ ಹೊಂದದ ಒಂದು ಚಾರ್ಜರ್, ಮತ್ತೆ ಆ ಕೀ ಗೊಂಚಲು. ಚಪ್ಪಲಿ ಕಳಚಿ ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತರು. "ಪೋಡ್ಯೊಡ್ಚಿ ಮಗಾ" (ಹೆದರಬೇಡ ಮಗಾ) ಎಂದು ತುಳುವಿನಲ್ಲಿ ಒಮ್ಮೆ ಹೇಳಿದರು. ಪ್ರಾರ್ಥನೆ ಮಾಡುವ ಎನ್ನಲಿಲ್ಲ. ದೇವರ ಚಿತ್ತ ಎನ್ನಲಿಲ್ಲ. ಆ ದಿನ ಆ ಮಾತನ್ನು ಇನ್ನೊಬ್ಬರು ಹೇಳಿದ್ದರೆ ನಾನು ಜಗಳವನ್ನೇ ಮಾಡುತ್ತಿದ್ದೆನೋ ಏನೋ.

ಎರಡು ಗಂಟೆಯ ಹೊತ್ತಿಗೆ ಒಳಗಿನಿಂದ ಸಹಿ ಹಾಕಲು ಒಂದು ಕಾಗದ ಬಂತು. ಇಂಗ್ಲಿಷಿನಲ್ಲಿ ಎರಡು ಪುಟ. ನನಗೆ ಇಂಗ್ಲಿಷ್ ಓದಲು ಬರುತ್ತದೆ, ಆದರೆ ಅಕ್ಷರಗಳು ಒಂದಕ್ಕೊಂದು ಕೂಡುತ್ತಿರಲಿಲ್ಲ. ಪೆನ್ನು ಹಿಡಿದು ಎಲ್ಲಿ ಹಾಕಬೇಕು ಎಂದು ಕೇಳುತ್ತಿದ್ದೆ. ಅಂಕಲ್ ಕೈ ಅಡ್ಡ ಹಿಡಿದರು. "ಸಿಸ್ಟರ್, ಇದರಲ್ಲಿ ಎಂತ ಬರೆದಿದೆ ಅಂತ ನನಗೆ ಕನ್ನಡದಲ್ಲಿ ಹೇಳಿ. ನನಗೆ ಇಂಗ್ಲಿಷ್ ಬರುವುದಿಲ್ಲ." ಆ ಸಿಸ್ಟರ್ ಕೇರಳದವರು. ತಮಗೆ ಬರುವ ಕನ್ನಡದಲ್ಲಿ, ಮಲಯಾಳ ಸೇರಿಸಿಕೊಂಡು, ಒಂದೊಂದೇ ಸಾಲು ನಿಧಾನವಾಗಿ ಹೇಳಿದರು. ಏನು ಮಾಡುತ್ತಾರೆ, ಮಾಡದಿದ್ದರೆ ಏನು, ಮಾಡಿದರೂ ಏನಾಗಬಹುದು. ಅಂಕಲ್ ಎಲ್ಲದಕ್ಕೂ ತಲೆದೂಗಿ, "ಕೊನೆಯದ್ದು ಇನ್ನೊಮ್ಮೆ ಹೇಳಿ" ಎಂದರು. ಹೇಳಿಸಿಕೊಂಡದ್ದು ಅವರಿಗಾಗಿ ಅಲ್ಲ. ಅಷ್ಟು ದಿನಗಳಲ್ಲಿ ನನ್ನ ಗಂಡನಿಗೆ ಏನಾಗಿದೆ ಎಂಬುದು ನನಗೆ ಸರಿಯಾಗಿ ತಲೆಗೆ ಹೋದದ್ದು ಆಗಲೇ. ಸಹಿ ಹಾಕಿದೆ.

ಆಮೇಲೆ ಕಾಯುವುದು. ಆ ಹೊತ್ತನ್ನು ಅವರು ಹೆಂಚಿನ ಮಾತಿನಲ್ಲಿ ತುಂಬಿಸಿದರು. ಅಂಕಲ್ ದುಡಿದದ್ದು ಹೆಂಚಿನ ಕಾರ್ಖಾನೆಯಲ್ಲಿ, ಆ ಕಾರ್ಖಾನೆ ಈಗ ಇಲ್ಲ. ಮಣ್ಣು ಹದ ಮಾಡುವುದು, ಅಚ್ಚಿನಲ್ಲಿ ಒತ್ತುವುದು, ನೆರಳಿನಲ್ಲಿ ಆರಿಸುವುದು, ಗೂಡಿನಲ್ಲಿ ಸುಡುವುದು, ಮಳೆಗಾಲದಲ್ಲಿ ಹೆಂಚು ಆರದೆ ಸತಾಯಿಸುವುದು. ಸುಟ್ಟ ಹೆಂಚನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡುತ್ತಾರಂತೆ. ಚೆನ್ನಾಗಿ ಬೆಂದದ್ದು ಕಂಚಿನ ಹಾಗೆ ನಾದ ಕೊಡುತ್ತದೆ. ಕಣ್ಣಿಗೆ ಕಾಣದ ಬಿರುಕಿದ್ದರೂ ಶಬ್ದ ಮಂಕಾಗುತ್ತದೆ, ಅದನ್ನು ಬೇರೆ ರಾಶಿಗೆ ಎಸೆಯುವುದು. ಹೇಳುತ್ತ ಹೇಳುತ್ತ ಕುರ್ಚಿಯ ತೋಳನ್ನು ತಟ್ಟಿ ತೋರಿಸಿದರು. ಅದು ಪ್ಲಾಸ್ಟಿಕ್, ಟಕ್ ಎಂದಿತು. ಇಬ್ಬರಿಗೂ ಸ್ವಲ್ಪ ನಗು ಬಂತು.

ನಮ್ಮ ಚರ್ಚಿನ ಮಾಡಿನಲ್ಲಿ, ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಷನಿನವರ ಹಳೆಯ ಹೆಂಚುಗಳಿವೆ, ಅಡಿಯಲ್ಲಿ 1865 ಎಂದು ಅಚ್ಚಾಗಿದೆ. ಚರ್ಚ್ ಕಟ್ಟಿದ್ದೇ ಆ ವರ್ಷ ಎಂದು ಸಂಡೇ ಸ್ಕೂಲಿನಲ್ಲಿ ನಾವು ಬೆಟ್ ಕಟ್ಟುತ್ತಿದ್ದೆವು. ಅದು ಮಂಗಳೂರಿನ ಜೆಪ್ಪುವಿನಲ್ಲಿ ಮಿಷನಿನ ಮೊದಲ ಹೆಂಚಿನ ಕಾರ್ಖಾನೆ ಶುರುವಾದ ವರ್ಷ ಎಂದು ಆ ರಾತ್ರಿ ಅಂಕಲ್ ಹೇಳಿದರು. ನಮ್ಮ ಹಿರಿಯರು ಸಭೆಗೆ ಸೇರಿದಾಗ ಅನೇಕರಿಗೆ ಮನೆ, ಜಾಗ, ಕುಲಕಸುಬು ಎಲ್ಲ ಹೋಯಿತಲ್ಲ. ಮಿಷನಿನವರು ಬಂದದ್ದು 1834ರಲ್ಲಿ ಸುವಾರ್ತೆ ಹೇಳಲಿಕ್ಕೆ, ಆದರೆ ಸೇರಿದವರ ಹೊಟ್ಟೆಗೆ ದಾರಿ ಬೇಕಾಗಿ ನೇಯ್ಗೆ ಶುರುಮಾಡಿದರು, ಹೆಂಚು ಶುರುಮಾಡಿದರು, ಬಲ್ಮಠದಲ್ಲಿ ಪ್ರೆಸ್ ಇಟ್ಟರು. ಬಂಧುಬಳಗ ಬಿಟ್ಟು ಬಂದವರಿಗೆ ಕಾಯಿಲೆ, ಬಾಣಂತನ, ಸಾವು ಎಂದರೆ ಓಡಿ ಬರಲು ಇದ್ದದ್ದು ಪಕ್ಕದ ಬೆಂಚಿನವರೇ. "ನಿನ್ನ ಗಂಡನ ಅಜ್ಜಿ ನನ್ನ ಅಮ್ಮನ ಬಾಣಂತನ ಮಾಡಿದ್ದು, ಗೊತ್ತುಂಟಾ?" ಎಂದರು ಅಂಕಲ್. ನನಗೆ ಗೊತ್ತಿರಲಿಲ್ಲ. ಇವರಿಗೂ ಗೊತ್ತಿರಲಿಲ್ಲ.

ನಾಲ್ಕರ ಸುಮಾರಿಗೆ ಯಾರೋ 121ನೇ ಕೀರ್ತನೆ ಫಾರ್ವರ್ಡ್ ಮಾಡಿದರು, ನಿನ್ನನ್ನು ಕಾಯುವವನು ತೂಕಡಿಸುವುದಿಲ್ಲ ಎಂಬ ಮಾತು ಇರುವ ಕೀರ್ತನೆ. ತಲೆ ಎತ್ತಿ ನೋಡಿದರೆ ನನ್ನನ್ನು ಕಾಯುವವರು ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು.

ಬೆಳಗಾಗುತ್ತ ಬಂತು. ಗಂಟೆ ಹೊಡೆಯಲಿಕ್ಕೆ ಹೋಗಿ ಅಂಕಲ್ ಎಂದೆ. ಅವರ ಮದುವೆಯ ಮರುದಿನ ಆದಿತ್ಯವಾರವಿತ್ತಂತೆ, ಅವತ್ತೂ ಗಂಟೆ ತಪ್ಪಿಸಿರಲಿಲ್ಲ. "ಡಾಕ್ಟರು ಹೊರಗೆ ಬರಲಿ," ಎಂದಷ್ಟೇ ಹೇಳಿ ಸಭಾಪಾಲಕರಿಗೆ ಫೋನ್ ಮಾಡಿದರು: ಕೀ ಆಟೋದಲ್ಲಿ ಕಳಿಸುತ್ತೇನೆ, ಗಂಟೆ ನೀವೇ ಹೊಡೆಯಿರಿ. ಮಳೆಯಲ್ಲಿ ಕೀ ಒಯ್ದು ಮುಟ್ಟಿಸಿದ ಆಟೋದ ಬ್ಯಾರಿ ಹುಡುಗ ಬಾಡಿಗೆ ತೆಗೆದುಕೊಳ್ಳಲಿಲ್ಲ. ಅವನಿಗೂ ನಮ್ಮ ನಮಸ್ಕಾರ.

ಗಂಟೆಯ ಹಗ್ಗ ಎಳೆದರೆ ಸಾಲದು, ಸರಿಯಾದ ಹೊತ್ತಿಗೆ ಬಿಡಬೇಕು, ಗಂಟೆ ತಾನೇ ಹಿಂದಕ್ಕೆ ತೂಗಿ ಎರಡನೇ ಪೆಟ್ಟು ಕೊಡುತ್ತದೆ. ಪಾಪ, ಸಭಾಪಾಲಕರು ಬಿಡಲಿಲ್ಲ. ಢಣ್. ಆಮೇಲೆ ಎಷ್ಟೋ ಹೊತ್ತು ಏನೂ ಇಲ್ಲ. ಮತ್ತೆ ಢಣ್. ಸಾವಿನ ಗಂಟೆ ಬಡಿಯುವುದು ಹಾಗೆಯೇ ಎಂದು ಕಂಪೌಂಡಿನ ಚಿಕ್ಕ ಮಗುವಿಗೂ ಗೊತ್ತು. ಅರ್ಧ ಗಂಟೆಯಲ್ಲಿ ನನ್ನ ಫೋನ್ ನಿಲ್ಲದೆ ಬಡಿದುಕೊಳ್ಳತೊಡಗಿತು. ಒಬ್ಬ ಹಿರಿಯರು ಅಳುತ್ತ, "ಎಷ್ಟು ಗಂಟೆಗೆ ಎತ್ತುವುದು ಅಮ್ಮಾ?" ಎಂದು ಕೇಳಿದರು. ನಮ್ಮ ಸ್ತ್ರೀಯರ ಕೂಟದ ಒಬ್ಬರು (ನೀವು ಓದುತ್ತಿದ್ದೀರಿ ಆಂಟಿ, ನನಗೆ ಗೊತ್ತು) ಬಿಳಿ ಸೀರೆ ಉಟ್ಟು ನಮ್ಮ ಮನೆಯ ಅಂಗಳಕ್ಕೇ ಬಂದು, ಬೀಗ ನೋಡಿ ಮೆಟ್ಟಿಲಲ್ಲಿ ಕುಳಿತಿದ್ದರಂತೆ. ನಾನು ಆ ಫೋನುಗಳನ್ನು ತೆಗೆಯುವ ಹತ್ತೇ ನಿಮಿಷ ಮೊದಲು ಡಾಕ್ಟರು ಹೊರಗೆ ಬಂದು, ರಾತ್ರಿ ದಾಟಿದರು, ಇನ್ನು ನೋಡುವ ಎಂದಿದ್ದರು. ನನಗೆ ನಗು ಬಂತು. ವರಾಂಡದ ನಡುವೆ ನಿಂತು ನಗಲಿಕ್ಕೆ ಶುರುಮಾಡಿದ್ದು ಅಳುವಾಗಿ, ಅಳು ನಿಲ್ಲದಾಗಿ, ಆ ಕೇರಳದ ಸಿಸ್ಟರ್ ಬಂದು ನೀರು ಕುಡಿಸಬೇಕಾಯಿತು. ಅಂಕಲ್ ಮಾತ್ರ ಕಿಟಕಿಯ ಕಡೆ ತಿರುಗಿ ಗೊಣಗುತ್ತಿದ್ದರು: "ಹಗ್ಗ ಬಿಡಬೇಕು ಅಂತ ಎಷ್ಟು ಸಲ ಹೇಳಿದ್ದೇನೆ ಅವರಿಗೆ."

ಇನ್ನೊಂದು ಮಾತು ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಆದಿತ್ಯವಾರದ ವಿಜ್ಞಾಪನೆಯಲ್ಲಿ ಅಸ್ವಸ್ಥರ ಹೆಸರು ಓದುವಾಗ ನಾನು ಕೀಬೋರ್ಡಿನಲ್ಲಿ ಮೆಲ್ಲಗೆ ಒಂದು ರಾಗ ನುಡಿಸುವುದು ವಾಡಿಕೆ. ಮೂರು ಸ್ವರಕ್ಕೆ ಒಂದು ಹೆಸರು, ಅಷ್ಟು ಅಭ್ಯಾಸವಾಗಿದೆ. ಇವರು ಇನ್ನೂ ಆಸ್ಪತ್ರೆಯಲ್ಲಿರುವಾಗ, ಮಗಳು ಒತ್ತಾಯ ಮಾಡಿದಳೆಂದು ನಾನು ಒಮ್ಮೆ ಆರಾಧನೆಗೆ ಬಂದು ನುಡಿಸಲು ಕುಳಿತೆ. ಪಟ್ಟಿಯಲ್ಲಿ ಇವರ ಹೆಸರು ಬರುತ್ತದೆಂದು ಗೊತ್ತಿತ್ತು. ಆದರೂ ಬಂದಾಗ ಬೆರಳು ನಿಂತಿತು. ಆ ಪಟ್ಟಿಯಿಂದ ಹೆಸರು ತೆಗೆಯುವುದು ಎರಡೇ ಕಾರಣಕ್ಕೆ. ಎರಡನ್ನೂ ನಾನು ಅಲ್ಲೇ ಕುಳಿತು ಕೇಳಿದ್ದೇನೆ. ಇವರ ಹೆಸರು ಯಾವ ಕಾರಣಕ್ಕೆ ಹೋಗುತ್ತದೆ ಎಂಬ ಒಂದೇ ಯೋಚನೆ ತಲೆಯಲ್ಲಿ. ದೇವರ ಮೇಲೆ ಸಿಟ್ಟು ಬಂತು, ನಿಜ. ನೀವೆಲ್ಲ ಕಣ್ಣು ಮುಚ್ಚಿದ್ದಿರಿ, ನಾನು ಮುಚ್ಚಲಿಲ್ಲ. ನೋಡಿದರೆ ಹಿಂದಿನ ಬೆಂಚಿನಿಂದ ಮುಂದಿನವರೆಗೆ ಇವರ ಹೆಸರನ್ನು ಎಲ್ಲರ ಬಾಯಿಯೂ ಮತ್ತೊಮ್ಮೆ ಮೆಲ್ಲಗೆ ಹೇಳುತ್ತಿತ್ತು. ಹಾಗೆ ಹೇಳುವ ಪದ್ಧತಿ ನಮ್ಮ ಆರಾಧನಾ ಕ್ರಮದಲ್ಲಿಲ್ಲ. ಯಾರು ಶುರುಮಾಡಿದಿರೋ ಗೊತ್ತಿಲ್ಲ. ನನ್ನ ಪ್ರಾರ್ಥನೆ ಅವತ್ತು ಹೊರಡಲಿಲ್ಲ, ನಿಮ್ಮದನ್ನೇ ಇಟ್ಟುಕೊಂಡು ಬಂದೆ.

ಆಮೇಲೆ ಹಾಡು. ನಮ್ಮ ಹಳೆಯ ಜರ್ಮನ್ ರಾಗಗಳಿಗೆ ಬೇಸ್, ಅಂದರೆ ಗಂಡಸರ ತಗ್ಗಿನ ದನಿ, ಇಲ್ಲದಿದ್ದರೆ ನೆಲವೇ ಇಲ್ಲ. ಇವರಿಲ್ಲದೆ ಆ ಸಾಲಿನಲ್ಲಿ ಉಳಿದವರು ಒಬ್ಬರೇ, ಅವರಿಗೂ ನೆಗಡಿ. ಎಷ್ಟೋ ವಾರ ಎರಡಾಳಿನ ದನಿ ಒಬ್ಬರೇ ತೆಗೆದರಲ್ಲ, ಅವರಿಗೂ ಧನ್ಯವಾದ. ಇವರು ಹೋದ ವಾರ ಹಾಡಲಿಲ್ಲ, ಉಸಿರು ಸಾಲದು. ಪುಸ್ತಕ ತೆರೆದು ಬೆರಳಿನಲ್ಲಿ ಸಾಲು ಹಿಂಬಾಲಿಸಿದರು. ಬೆಳೆಹಬ್ಬದ ಹೊತ್ತಿಗೆ ಒಂದು ಚರಣವಾದರೂ ಹಾಡುತ್ತೇನೆ ಎನ್ನುತ್ತಾರೆ. ಏಲಂನಲ್ಲಿ ಕುಂಬಳಕಾಯಿಗೆ ಕೂಗಿ ಬೆಲೆ ಏರಿಸುವುದನ್ನು ಮಾತ್ರ ಈ ವರ್ಷ ಬಿಡಬೇಕೆಂದು ಡಾಕ್ಟರ ಅಪ್ಪಣೆಯಾಗಿದೆ (ಡಾಕ್ಟರು ಹಾಗೆ ಹೇಳಿಲ್ಲ, ನಾನು ಹೇಳಿದ್ದು).

ಈ ಶುಕ್ರವಾರ ಸಂಜೆ ಆರೂವರೆಗೆ ನಮ್ಮ ಮನೆಯಲ್ಲಿ ಕೃತಜ್ಞತಾ ಪ್ರಾರ್ಥನಾ ಕೂಟ. ತುಳು ಹಾಡುಗಳೇ ಇರಲಿ ಎಂದು ಇವರ ಆಸೆ. ಎಲ್ಲರೂ ಬನ್ನಿ, ದಯವಿಟ್ಟು ತಿಂಡಿ ತರಬೇಡಿ, ಗೋಳಿಬಜೆ ನಾವೇ ಮಾಡುತ್ತೇವೆ. ಬರುವಾಗ ಖಾಲಿ ಚೀಲ ಹಿಡಿದು ಬನ್ನಿ, ಯಾಕೆಂದರೆ ನಿಮ್ಮ ಸ್ಟೀಲ್ ಡಬ್ಬಗಳು, ಕ್ಯಾರಿಯರ್‌ಗಳು ನಮ್ಮ ಅಡುಗೆಮನೆಯ ಅರ್ಧ ಜಾಗ ಹಿಡಿದಿವೆ. ಹೆಸರು ಕೊರೆದದ್ದನ್ನು ಬೇರೆ ಇಟ್ಟಿದ್ದೇನೆ. ಹಸಿರು ಮುಚ್ಚಳದ ಎರಡು ಪ್ಲಾಸ್ಟಿಕ್ ಡಬ್ಬ ಮತ್ತು ಹಿಡಿ ಸಡಿಲವಾದ ಒಂದು ತೂಕುಪಾತ್ರೆ ಯಾರದ್ದೆಂದು ಇನ್ನೂ ಗೊತ್ತಾಗಿಲ್ಲ. ಹಿಡಿ ನಮ್ಮಲ್ಲಿ ಸಡಿಲವಾದದ್ದಲ್ಲ, ಬರುವಾಗಲೇ ಹಾಗಿತ್ತು.