ಬಟ್ಟೆ ಹೊದ್ದ ಸ್ಮಾರ್ಟ್ ಬೋರ್ಡ್

ಮಾನ್ಯರೇ,

ಮೂಡಿಗೆರೆ ತಾಲ್ಲೂಕಿನಲ್ಲಿ ನನ್ನ ಮಗಳು ಓದುವ ಶಾಲೆಯಲ್ಲಿ ಸ್ಮಾರ್ಟ್ ಬೋರ್ಡ್ ಇದೆಯಾದರೂ, ಮಳೆಗಾಲದಲ್ಲಿ ಕರೆಂಟು ಕೈಕೊಡುವುದರಿಂದಲೋ, ಕೆಟ್ಟರೆ ರಿಪೇರಿಗೆ ಹಣವಿಲ್ಲವೆಂಬ ಅಂಜಿಕೆಯಿಂದಲೋ, ಅದರ ಮೇಲಿನ ಬಟ್ಟೆ ಸರಿಯುವುದು ತಪಾಸಣೆಯ ದಿನ ಮಾತ್ರ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ, 2017ರಲ್ಲಿ ಆರಂಭವಾದ ದೀಕ್ಷಾ ಎಂಬ ಸರ್ಕಾರಿ ಡಿಜಿಟಲ್ ಕಲಿಕಾ ವೇದಿಕೆಯ ಪಾಠಗಳು ತೆರೆದುಕೊಳ್ಳುತ್ತವೆ. ಒಮ್ಮೆ ಡೌನ್‌ಲೋಡ್ ಮಾಡಿಕೊಂಡರೆ ನೆಟ್‌ವರ್ಕ್ ಇಲ್ಲದೆಯೂ ನೋಡಬಹುದು (ಮಲೆನಾಡಿನಲ್ಲಿ ಇದು ಸಣ್ಣ ಅನುಕೂಲವಲ್ಲ). ಆದರೆ ಬರೀ ವಿಡಿಯೊ ತೋರಿಸಿದರೆ ಟಿವಿ ನೋಡಿದಂತೆಯೇ. ಪರದೆಯ ಮೇಲೆಯೇ ಪ್ರಯೋಗ ಮಾಡಿ ನೋಡುವ ಫೆಟ್ ಸಿಮ್ಯುಲೇಶನ್‌ನಲ್ಲಿ ತಂತಿ, ಬ್ಯಾಟರಿ ಜೋಡಿಸುತ್ತ, ಬಲ್ಬು ಹತ್ತದೆ ಮೂರು ಬಾರಿ ತಂತಿ ಬದಲಿಸಿದ ಮಗಳಿಗೆ ವಿದ್ಯುತ್ ಮಂಡಲ ಅರ್ಥವಾದದ್ದು ಆ ತಪ್ಪುಗಳಿಂದಲೇ. ಹೊಸ ಉಪಕರಣ ಖರೀದಿಸುವ ಮೊದಲು, ಇರುವ ಬೋರ್ಡ್‌ಗಳಿಗೆ ಯುಪಿಎಸ್, ನಿರ್ವಹಣೆಗೆ ಅನುದಾನ ಮತ್ತು ಶಿಕ್ಷಕರಿಗೆ ತರಗತಿಯಲ್ಲೇ ತರಬೇತಿಯನ್ನು ಸರ್ಕಾರ ಒದಗಿಸಲಿ.

– ಪೋಷಕರೊಬ್ಬರು, ಮೂಡಿಗೆರೆ