ಕೊಡಬೇಕಾದ ಮೊತ್ತವೇ ಮೊದಲು ಕಾಣಲಿ

ಮಾನ್ಯ ಸಂಪಾದಕರೆ,

ಆನ್‌ಲೈನ್ ಅಂಗಡಿಗಳಲ್ಲಿ ಸರಕಿನ ಚಿತ್ರದ ಪಕ್ಕ ಕಾಣುವ ಬೆಲೆಗೂ ಕೊನೆಯಲ್ಲಿ ನಮ್ಮ ಖಾತೆಯಿಂದ ಕಡಿತವಾಗುವ ಮೊತ್ತಕ್ಕೂ ಇರುವ ಅಂತರವನ್ನು ಕುರಿತು ನಾಲ್ಕು ಮಾತು ಬರೆಯಲು ಅವಕಾಶ ಕೋರುತ್ತೇನೆ. ಬೆಲೆ ಹೆಚ್ಚಾಯಿತು ಎಂಬುದು ನನ್ನ ತಕರಾರಲ್ಲ. ತನ್ನ ಸರಕಿಗೆ ಎಷ್ಟು ಕೇಳಬೇಕೆಂಬುದು ಮಾರುವವನಿಗೆ ಬಿಟ್ಟ ವಿಚಾರ. ಕೇಳುವುದನ್ನು ಒಂದೇ ಸಲಕ್ಕೆ, ಪೂರ್ತಿಯಾಗಿ, ಸರಕಿನ ಪುಟದಲ್ಲೇ ಕೇಳಬೇಕು ಎಂಬುದಷ್ಟೇ ನನ್ನ ವಾದ.

ಈಗಿನ ಒಂದು ಪುಟವನ್ನು ತೆರೆದು ನೋಡಿದರೆ ಸಾಮಾನ್ಯವಾಗಿ ಅಡ್ಡಗೆರೆ ಎಳೆದ ಒಂದು ಬೆಲೆ, ಅದರ ಪಕ್ಕ ಶೇಕಡಾವಾರು ರಿಯಾಯಿತಿ, ದಪ್ಪಕ್ಷರದಲ್ಲಿ ಇನ್ನೊಂದು ಬೆಲೆ, ಅದರ ಕೆಳಗೆ ಕೂಪನ್ ಬಳಸಿದರೆ ಇಷ್ಟು, ನಿರ್ದಿಷ್ಟ ಕಾರ್ಡ್ ಇದ್ದರೆ ಇನ್ನೂ ಇಷ್ಟು ಕಡಿಮೆ, ಕಂತಿನಲ್ಲಾದರೆ ತಿಂಗಳಿಗೆ ಇಷ್ಟು ಎಂಬ ಸಾಲುಗಳು ಎದುರಾಗುತ್ತವೆ. ಇವುಗಳಲ್ಲಿ ನಾನು ಕೊಡಬೇಕಾದದ್ದು ಯಾವುದು ಎಂದು ಕೇಳಿದರೆ, ಬಹಳ ಸಲ ಉತ್ತರ ಇವುಗಳಲ್ಲಿ ಯಾವುದೂ ಅಲ್ಲ. ಡೆಲಿವರಿ ಶುಲ್ಕ, ನಿರ್ವಹಣಾ ಶುಲ್ಕ, ಪ್ಲಾಟ್‌ಫಾರ್ಮ್ ಶುಲ್ಕ ಎಂಬ ಹೆಸರಿನಲ್ಲಿ ಕಾರ್ಟ್‌ನಿಂದ ಪಾವತಿಯ ಪುಟದವರೆಗೆ ಒಂದೊಂದಾಗಿ ಸೇರಿಕೊಳ್ಳುತ್ತ ಹೋಗುವ ಮೊತ್ತಗಳನ್ನು ಕೂಡಿದ ಮೇಲೆಯೇ ನಿಜವಾದ ಬೆಲೆ ಹೊರಬೀಳುತ್ತದೆ. ಅಷ್ಟರಲ್ಲಿ ವಿಳಾಸ ತುಂಬಿಸಿ, ದಿನ ಆರಿಸಿ, ಕೊಳ್ಳುವ ನಿರ್ಧಾರಕ್ಕೆ ಮನಸ್ಸು ಒಗ್ಗಿಹೋಗಿರುತ್ತದೆ.

ಇದು ವಿನ್ಯಾಸಕಾರರ ಅಜಾಗರೂಕತೆಯಿಂದ ಆಗುತ್ತಿದೆ ಎಂದು ನಂಬುವುದು ಕಷ್ಟ. ಟಿಕೆಟ್ ಮಾರುವ ಸ್ಟಬ್‌ಹಬ್ ಎಂಬ ಅಮೆರಿಕದ ಜಾಲತಾಣ 2015ರಲ್ಲಿ ಲಕ್ಷಾಂತರ ಬಳಕೆದಾರರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಶುಲ್ಕ ಸೇರಿಸಿದ ಬೆಲೆಯನ್ನು ಆರಂಭದಲ್ಲೇ, ಇನ್ನೊಂದು ಗುಂಪಿಗೆ ಶುಲ್ಕವನ್ನು ಕೊನೆಯ ಹಂತದಲ್ಲಿ ಮಾತ್ರ ತೋರಿಸಿತು. 2021ರಲ್ಲಿ ಪ್ರಕಟವಾದ ಈ ಪ್ರಯೋಗದ ವಿವರಗಳ ಪ್ರಕಾರ, ಶುಲ್ಕವನ್ನು ತಡವಾಗಿ ಕಂಡವರು ಸುಮಾರು ಶೇ 21ರಷ್ಟು ಹೆಚ್ಚು ಖರ್ಚು ಮಾಡಿದರು; ಅವರು ಖರೀದಿಯನ್ನು ಪೂರ್ಣಗೊಳಿಸುವ ಸಾಧ್ಯತೆಯೂ ಶೇ 14ರಷ್ಟು ಹೆಚ್ಚಿತ್ತು; ಅಷ್ಟೇ ಅಲ್ಲ, ಅವರು ಹೆಚ್ಚು ದುಬಾರಿ ಆಸನಗಳನ್ನೇ ಆರಿಸಿಕೊಂಡಿದ್ದರು. ಪ್ರಯೋಗ ಮುಗಿದ ಮೇಲೆ ಕಂಪನಿ ಯಾವ ವಿಧಾನವನ್ನು ಉಳಿಸಿಕೊಂಡಿತೆಂದು ಬಿಡಿಸಿ ಹೇಳಬೇಕಾಗಿಲ್ಲ. ಹೀಗಿರುವಾಗ ಪೂರ್ಣ ಬೆಲೆ ತೋರಿಸುವುದನ್ನು ಅಂಗಡಿಗಳ ಒಳ್ಳೆಯತನಕ್ಕೆ ಬಿಟ್ಟರೆ, ಪ್ರಾಮಾಣಿಕವಾಗಿ ತೋರಿಸಿದವನೇ ನಷ್ಟ ಅನುಭವಿಸುತ್ತಾನೆ. ಪಕ್ಕದ ಅಂಗಡಿಯ ಅರೆಬರೆ ಬೆಲೆಯ ಮುಂದೆ ಅವನ ಸರಕು ದುಬಾರಿಯಾಗಿ ಕಾಣುತ್ತದೆ. ಆದ್ದರಿಂದ ಇಲ್ಲಿ ಎಲ್ಲರಿಗೂ ಅನ್ವಯಿಸುವ ನಿಯಮವೇ ಬೇಕು.

ನಿಯಮಗಳು ಇಲ್ಲವೆಂದಲ್ಲ. ಐರೋಪ್ಯ ಒಕ್ಕೂಟದಲ್ಲಿ 1998ರ ನಿರ್ದೇಶನದಂತೆ ಗ್ರಾಹಕನಿಗೆ ತೋರಿಸುವ ಮಾರಾಟ ಬೆಲೆ ಎಲ್ಲ ತೆರಿಗೆಗಳನ್ನೂ ಒಳಗೊಂಡ ಅಂತಿಮ ಬೆಲೆಯಾಗಿರಬೇಕು. ಭಾರತದ 2020ರ ಇ-ಕಾಮರ್ಸ್ ನಿಯಮಗಳು ಒಟ್ಟು ಬೆಲೆಯನ್ನು ಒಂದೇ ಅಂಕಿಯಲ್ಲಿ, ಶುಲ್ಕಗಳ ವಿಂಗಡಣೆಯೊಂದಿಗೆ ತಿಳಿಸಬೇಕೆನ್ನುತ್ತವೆ; 2023ರ ಮಾರ್ಗಸೂಚಿಗಳು ಶುಲ್ಕಗಳನ್ನು ಹಂತಹಂತವಾಗಿ ಹೊರಗೆಡಹುವುದನ್ನು ಗ್ರಾಹಕರನ್ನು ವಂಚಿಸುವ 13 ವಿನ್ಯಾಸ ತಂತ್ರಗಳಲ್ಲಿ ಒಂದೆಂದು ಹೆಸರಿಸಿವೆ. ಬ್ರಿಟನ್ನಿನಲ್ಲೂ 2025ರ ಏಪ್ರಿಲ್‌ನಿಂದ ಕಡ್ಡಾಯ ಶುಲ್ಕಗಳನ್ನು ಆರಂಭದ ಬೆಲೆಯಲ್ಲೇ ಸೇರಿಸಬೇಕೆಂಬ ಕಾನೂನು ಜಾರಿಯಲ್ಲಿದೆ. ಕೊರತೆ ಇರುವುದು, ಆ ಒಂದೇ ಅಂಕಿ ಯಾವ ಪುಟದಲ್ಲಿ, ಎಷ್ಟು ದೊಡ್ಡದಾಗಿ ಕಾಣಬೇಕೆಂದು ಪಟ್ಟು ಹಿಡಿದು ಕೇಳುವುದರಲ್ಲಿ.

ಸಾಗಣೆಯ ವೆಚ್ಚ ವಿಳಾಸವನ್ನು ಅವಲಂಬಿಸಿರುವುದರಿಂದ ಮೊದಲೇ ಹೇಳಲಾಗದು ಎಂಬ ಸಮಜಾಯಿಷಿ ಆಗಾಗ ಕೇಳಿಬರುತ್ತದೆ. ಇದರಲ್ಲಿ ಸ್ವಲ್ಪ ನಿಜವಿದೆ. ಆದರೆ ಲಾಗಿನ್ ಆಗಿರುವ ಗ್ರಾಹಕನ ವಿಳಾಸ ಅಂಗಡಿಗೆ ಮೊದಲೇ ಗೊತ್ತಿರುತ್ತದೆ. ಎಷ್ಟು ಹೊತ್ತಿಗೆ ಸರಕು ಮನೆಗೆ ತಲುಪುತ್ತದೆಂದು ಅದೇ ಪುಟದಲ್ಲಿ ಲೆಕ್ಕ ಹಾಕಿ ಹೇಳುವ ವ್ಯವಸ್ಥೆಗೆ ಅದರ ವೆಚ್ಚವನ್ನು ಹೇಳುವುದು ಮಾತ್ರ ಆಗದ ಕೆಲಸವೇನಲ್ಲ. ವಿಳಾಸ ಗೊತ್ತಿಲ್ಲದ ಕಡೆ ಕನಿಷ್ಠ ಮತ್ತು ಗರಿಷ್ಠ ಶುಲ್ಕವನ್ನು ಬೆಲೆಯ ಪಕ್ಕದಲ್ಲೇ ನಮೂದಿಸಬಹುದು. ಇನ್ನು ವಿಳಾಸಕ್ಕೆ ಸಂಬಂಧವೇ ಇಲ್ಲದ, ಪ್ರತಿಯೊಬ್ಬರೂ ಕೊಡಲೇಬೇಕಾದ ಶುಲ್ಕವನ್ನು ಬೇರೆಯಾಗಿ ಇಡುವುದಕ್ಕೆ ಯಾವ ಸಮರ್ಥನೆಯೂ ನನಗೆ ತೋಚುತ್ತಿಲ್ಲ.

ಶುಲ್ಕಕ್ಕಿಂತಲೂ ನನ್ನನ್ನು ಹೆಚ್ಚು ಕಾಡುವುದು ಅಡ್ಡಗೆರೆ ಎಳೆದ ಆ ಹಳೆಯ ಬೆಲೆ. ಮೊದಲು ಕಂಡ ಅಂಕಿ, ಅದಕ್ಕೆ ಯಾವ ಆಧಾರವಿಲ್ಲದಿದ್ದರೂ, ಆಮೇಲಿನ ನಮ್ಮ ಅಂದಾಜನ್ನು ತನ್ನತ್ತ ಎಳೆದುಕೊಳ್ಳುತ್ತದೆ ಎಂಬುದನ್ನು ಮನೋವಿಜ್ಞಾನಿಗಳಾದ ಟ್ವೆರ್ಸ್ಕಿ ಮತ್ತು ಕಾಹ್ನೆಮನ್ 1974ರಷ್ಟು ಹಿಂದೆಯೇ ವಿವರಿಸಿದ್ದಾರೆ. ಆ ಬೆಲೆಗೆ ಸರಕು ಯಾವಾಗ ಮಾರಾಟವಾಗಿತ್ತು, ಯಾರಿಗಾದರೂ ಮಾರಾಟವಾಗಿತ್ತೇ ಎಂಬುದನ್ನು ಪುಟ ಹೇಳುವುದಿಲ್ಲ. ಐರೋಪ್ಯ ಒಕ್ಕೂಟ 2022ರ ಮೇ ತಿಂಗಳಿನಿಂದ ಇದಕ್ಕೊಂದು ಕಡಿವಾಣ ಹಾಕಿದೆ: ರಿಯಾಯಿತಿ ಎಂದು ಸಾರುವವನು, ಅದಕ್ಕೆ ಹಿಂದಿನ ಕನಿಷ್ಠ 30 ದಿನಗಳಲ್ಲಿ ತಾನು ಪಡೆದಿದ್ದ ಅತಿ ಕಡಿಮೆ ಬೆಲೆಯನ್ನು ತಿಳಿಸಬೇಕು. ಕೆಲವು ಅಂಗಡಿಗಳು ಇದರಲ್ಲೂ ಒಂದು ಕಿಂಡಿ ಕಂಡುಕೊಂಡವು. ಅತಿ ಕಡಿಮೆ ಬೆಲೆಯನ್ನು ಸಣ್ಣ ಅಕ್ಷರದಲ್ಲಿ ಮುದ್ರಿಸಿ, ರಿಯಾಯಿತಿಯ ಶೇಕಡಾವಾರನ್ನು ಮಾತ್ರ ಅದಕ್ಕಿಂತ ಹೆಚ್ಚಿನ ಇನ್ನೊಂದು ಬೆಲೆಯಿಂದ ಲೆಕ್ಕ ಹಾಕತೊಡಗಿದವು. ಜರ್ಮನಿಯ ಗ್ರಾಹಕ ಸಂಘಟನೆಯೊಂದು ಇದನ್ನು ಪ್ರಶ್ನಿಸಿದ ಪ್ರಕರಣದಲ್ಲಿ ಐರೋಪ್ಯ ನ್ಯಾಯಾಲಯ 2024ರ ಸೆಪ್ಟೆಂಬರ್‌ನಲ್ಲಿ, ಸಾರುವ ರಿಯಾಯಿತಿಯನ್ನೇ 30 ದಿನಗಳ ಅತಿ ಕಡಿಮೆ ಬೆಲೆಯಿಂದ ಲೆಕ್ಕ ಹಾಕಬೇಕು, ಆ ಬೆಲೆಯನ್ನು ಸುಮ್ಮನೆ ನಮೂದಿಸಿದರೆ ಸಾಲದು ಎಂದು ತೀರ್ಪಿತ್ತಿತು. ನಿಯಮ ಮಾಡುವವರು ಎಲ್ಲಿಯವರೇ ಆಗಲಿ, ಈ ತೀರ್ಪನ್ನು ಗಮನಿಸಬೇಕೆಂದು ನನ್ನ ಕೋರಿಕೆ. ಅದಕ್ಕೂ ಮೊದಲು ಅಂಗಡಿಗಳು ತಾವಾಗಿಯೇ ಮಾಡಬಹುದಾದ ಸುಲಭದ ಕೆಲಸವೊಂದಿದೆ: ಗೆರೆ ಎಳೆದ ಪ್ರತಿ ಬೆಲೆಯ ಪಕ್ಕ ಅದು ಚಾಲ್ತಿಯಲ್ಲಿದ್ದ ದಿನಾಂಕವನ್ನು ಬರೆಯುವುದು. ಬರೆಯಲು ದಿನಾಂಕವೇ ಇಲ್ಲವೆಂದಾದರೆ ಆ ಬೆಲೆಯೂ ಬೇಡ.

ಹಲವು ಗಾತ್ರಗಳಿರುವ ಸರಕಿಗೆ ಅತಿ ಚಿಕ್ಕ ಗಾತ್ರದ ಬೆಲೆಯನ್ನಷ್ಟೇ ಹುಡುಕಾಟದ ಪಟ್ಟಿಯಲ್ಲಿ ತೋರಿಸುವುದು, ತೂಕಕ್ಕೆ ಅಥವಾ ಅಳತೆಗೆ ತಕ್ಕ ಬಿಡಿ ದರವನ್ನು ಮೂಲೆಯಲ್ಲಿ ಮಸುಕಾಗಿ ಇಡುವುದು ಕೂಡ ಇದೇ ಜಾತಿಯ ಅಭ್ಯಾಸಗಳು.

ದೃಷ್ಟಿದೋಷವುಳ್ಳವರ ಪಾಡನ್ನು ಮಾತ್ರ ಪ್ರತ್ಯೇಕವಾಗಿ ಹೇಳಬೇಕು. ಅಡ್ಡಗೆರೆ ಕಣ್ಣಿಗೆ ಮಾತ್ರ ಕಾಣುವ ಗುರುತು. ಪುಟವನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶಗಳು ಸಾಮಾನ್ಯವಾಗಿ ಅದನ್ನು ಉಚ್ಚರಿಸದ ಕಾರಣ, ಕೇಳುವವರಿಗೆ ಎರಡು ಅಂಕಿಗಳು ಬೆನ್ನುಬೆನ್ನಿಗೆ ಬಂದುಬಿಡುತ್ತವೆ. ಯಾವುದು ಹಳೆಯದು, ಯಾವುದು ಈಗಿನದು ಎಂದು ಅವರೇ ಊಹಿಸಿಕೊಳ್ಳಬೇಕು. ಹಿಂದಿನ ಬೆಲೆ, ಈಗಿನ ಬೆಲೆ ಎಂಬ ಪದಗಳನ್ನು ಪುಟದ ಹಿಂದಿರುವ ಕೋಡ್‌ನಲ್ಲಿ ಸೇರಿಸಿದರೆ ಈ ತೊಂದರೆ ತೀರುತ್ತದೆ, ಅದಕ್ಕೆ ತಗಲುವ ಶ್ರಮ ಅತ್ಯಲ್ಪ.

ಒಂದು ಸ್ಪಷ್ಟ ಬೆಲೆಯನ್ನು ಹೇಳುವುದು ಈ ಅಂಗಡಿಗಳಿಗೆ ತಿಳಿಯದ ವಿದ್ಯೆಯಲ್ಲ. ಸರ್ಚ್ ಎಂಜಿನ್‌ಗಳು ಓದಲೆಂದು ಅನೇಕ ಪುಟಗಳ ಒಳಗೆ ಬೆಲೆಯನ್ನೂ ನಾಣ್ಯದ ಸಂಕೇತವನ್ನೂ ಅಚ್ಚುಕಟ್ಟಾಗಿ, ಗೊಂದಲವಿಲ್ಲದೆ ಬರೆದಿಟ್ಟಿರುತ್ತಾರೆ. ಗೂಗಲ್‌ಗೆ ಕೊಟ್ಟ ಬೆಲೆಗೂ ಪುಟದಲ್ಲಿರುವ ಬೆಲೆಗೂ ತಾಳೆಯಾಗದಿದ್ದರೆ ಆ ಸರಕನ್ನು ಅದು ತನ್ನ ಖರೀದಿ ಪಟ್ಟಿಯಿಂದ ಕೈಬಿಡುತ್ತದೆಂಬ ಭಯವೇ ಈ ಶಿಸ್ತಿಗೆ ಕಾರಣ. ಗ್ರಾಹಕ ರಕ್ಷಣಾ ಸಂಸ್ಥೆಗಳು ಇದೇ ಮಾದರಿಯಲ್ಲಿ ಸರಕಿನ ಪುಟದ ಬೆಲೆಯನ್ನೂ ಪಾವತಿಯ ಪುಟದ ಮೊತ್ತವನ್ನೂ ನಿಯಮಿತವಾಗಿ ತಾಳೆ ನೋಡಿ, ಕಡ್ಡಾಯ ಶುಲ್ಕದಷ್ಟು ವ್ಯತ್ಯಾಸ ಕಂಡುಬಂದ ಅಂಗಡಿಗಳ ಹೆಸರನ್ನು ಪ್ರಕಟಿಸಬೇಕೆಂದು ಒತ್ತಾಯಿಸುತ್ತೇನೆ.

ಇಂತಿ,
ನಿಮ್ಮ ಪತ್ರಿಕೆಯ ಓದುಗ